ಕ್ಯಾನ್ಸರ್ ಎಂದು ಗೊತ್ತಾದ ಮೇಲೆ: ರೋಗಿಗಳು ಮತ್ತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂದಿದೆ. ನಾಳೆಯೇ ಆಪರೇಷನ್ ಮಾಡಿಸಿಬಿಡಬೇಕೆ?

ಬಹುಪಾಲು ಜನರಿಗೆ ಅಷ್ಟು ಅವಸರ ಬೇಕಿಲ್ಲ. ಗಡ್ಡೆಯ ರೂಪದ ಕ್ಯಾನ್ಸರ್ ಕಣ್ಣಿಗೆ, ಕೈಗೆ ಸಿಗುವ ಹೊತ್ತಿಗೆ ಎಷ್ಟೋ ತಿಂಗಳಿಂದ ಬೆಳೆದಿರುತ್ತದೆ. ಸರಿಯಾದ ಪರೀಕ್ಷೆಗಳಿಗೆ ಎರಡು ಮೂರು ವಾರ ಹಿಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎರಡು ಮೂರು ತಿಂಗಳು ಕಳೆದುಬಿಟ್ಟರೆ ತೊಂದರೆ ಇದೆ.

ಅವಸರಕ್ಕೆ ಬಿದ್ದು ಮಾಡಿಸಿದ ಮೊದಲ ಆಪರೇಷನ್‌ನಿಂದ ಆಗುವ ನಷ್ಟ ದೊಡ್ಡದು. ಎರಡು ಉದಾಹರಣೆ ನೋಡಿ. ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗುತ್ತಿದೆ ಎಂದು ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಗರ್ಭಕೋಶ ತೆಗೆಸುತ್ತಾರೆ. ಆಮೇಲೆ ಪರೀಕ್ಷೆ ಮಾಡಿದಾಗ ಅದು ಗರ್ಭಕೋಶದ ಕಂಠದ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಆ ಕಾಯಿಲೆಗೆ ಬೇಕಾದ ಆಪರೇಷನ್ನೇ ಬೇರೆ, ಎಷ್ಟೋ ಸಲ ಆಪರೇಷನ್ ಬದಲು ರೇಡಿಯೇಷನ್ ಕೊಡಬೇಕಾಗಿರುತ್ತದೆ. ಇನ್ನೊಂದು, ಬಯಾಪ್ಸಿ ಅಂದರೆ ಸಣ್ಣ ತುಂಡು ತೆಗೆದು ಮಾಡುವ ಪರೀಕ್ಷೆ ಇಲ್ಲದೆಯೇ ಸ್ತನದ ಗಡ್ಡೆಯನ್ನು ಕೊಯ್ದು ತೆಗೆಸುವುದು. ಮೊದಲು ಕಿಮೋ, ಅಂದರೆ ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ ಕೊಟ್ಟು ಗಡ್ಡೆ ಕುಗ್ಗಿಸಿ ಸ್ತನ ಉಳಿಸಬಹುದಾಗಿದ್ದ ಅವಕಾಶ ಅಲ್ಲಿಗೆ ಹೋಗುತ್ತದೆ. ಯಾವ ಆಪರೇಷನ್ ಆದರೂ ತೆಗೆದ ಭಾಗ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿ ಲ್ಯಾಬಿಗೆ ಹೋಯಿತೇ ಎಂದು ಆ ದಿನವೇ ಕೇಳಿ. ಬರೀ ನೀರಿನಲ್ಲೋ ಸಲೈನ್‌ನಲ್ಲೋ ಇಟ್ಟ ತುಂಡು ಕೊಳೆಯುತ್ತದೆ, ಅದರಿಂದ ಸರಿಯಾದ ರಿಪೋರ್ಟ್ ಬರುವುದಿಲ್ಲ.

ತಡ ಮಾಡಬಾರದ ಸಂದರ್ಭಗಳೂ ಇವೆ: ತೀವ್ರ ರಕ್ತ ಕ್ಯಾನ್ಸರ್, ಉಸಿರಾಟಕ್ಕೆ ಕಷ್ಟ, ನಿಲ್ಲದ ರಕ್ತಸ್ರಾವ, ಹೊಟ್ಟೆ ಉಬ್ಬರಿಸಿ ಮಲ, ಗಾಳಿ ಎರಡೂ ನಿಂತಿರುವುದು, ಬೆನ್ನುನೋವಿನ ಜೊತೆ ಕಾಲು ಸೋಲುವುದು ಅಥವಾ ಮೂತ್ರ ಕಟ್ಟುವುದು. ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ರಿಪೋರ್ಟ್‌ನಲ್ಲಿ ಏನು ನೋಡಬೇಕು? ಗ್ರೇಡ್ 3 ಅಂದರೆ ಮೂರನೇ ಸ್ಟೇಜ್ ತಾನೆ?

ಅಲ್ಲ. ಈ ಒಂದು ಗೊಂದಲದಿಂದ ಎಷ್ಟೋ ಮನೆಗಳಲ್ಲಿ ಸುಮ್ಮಸುಮ್ಮನೆ ಎದೆಯೊಡೆದುಕೊಳ್ಳುತ್ತಾರೆ. ಗ್ರೇಡ್ ಎಂದರೆ ಜೀವಕೋಶಗಳು ಮೈಕ್ರೋಸ್ಕೋಪಿನಡಿ ಎಷ್ಟು ಕೆಟ್ಟು ಕಾಣುತ್ತಿವೆ ಎಂಬುದು. ಸ್ಟೇಜ್ ಎಂದರೆ ಕಾಯಿಲೆ ದೇಹದಲ್ಲಿ ಎಲ್ಲಿಯವರೆಗೆ ಹೋಗಿದೆ ಎಂಬುದು. ಗ್ರೇಡ್ 3 ಇದ್ದೂ ಮೊದಲ ಸ್ಟೇಜ್‌ನಲ್ಲಿರುವವರು ಬಹಳ ಜನ. ಬಯಾಪ್ಸಿಯಿಂದ ಪೂರ್ಣ ಸ್ಟೇಜ್ ತಿಳಿಯುವುದಿಲ್ಲ, ಅದಕ್ಕೆ ಸಿಟಿ, ಎಂಆರ್‌ಐ ಅಥವಾ ಪೆಟ್ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಸಣ್ಣ ಸೂಜಿಯಲ್ಲಿ ಹೀರಿ ತೆಗೆಯುವ ಎಫ್‌ಎನ್‌ಎಸಿ ಒಂದು ಸುಳಿವು ಕೊಡುತ್ತದೆ ಅಷ್ಟೆ. ಚಿಕಿತ್ಸೆ ಶುರು ಮಾಡಲು ಸಾಮಾನ್ಯವಾಗಿ ತುಂಡು ತೆಗೆದ ಬಯಾಪ್ಸಿಯೇ ಬೇಕು. ಸ್ತನ ಕ್ಯಾನ್ಸರ್ ಆದರೆ ಅದರ ಮೇಲೆ ಐಎಚ್‌ಸಿ ಎಂಬ ಪರೀಕ್ಷೆ ನಡೆಸಿ ಗಡ್ಡೆಯ ಕೋಶಗಳಲ್ಲಿ ಇಆರ್, ಪಿಆರ್, ಹರ್2 ಎಂಬ ಮೂರು ಪ್ರೋಟೀನ್‌ಗಳು ಇವೆಯೇ ಎಂದು ನೋಡುತ್ತಾರೆ. ಯಾವ ಔಷಧಿ ಹಿಡಿಯುತ್ತದೆ ಎಂಬುದು ಈ ಮೂರರ ಮೇಲೆ ನಿಂತಿದೆ. ಈ ರಿಪೋರ್ಟ್ ಬರಲು ಕೆಲವು ದಿನ ಹೆಚ್ಚು ಹಿಡಿಯುತ್ತದೆ, ಕಾಯಿರಿ.

ಸೂಜಿ ಚುಚ್ಚಿದರೆ, ಚಾಕು ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದಂತೆ?

ಈ ಹೆದರಿಕೆಯಿಂದ ಬಯಾಪ್ಸಿ ಬಿಡಬೇಡಿ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ಉಳಿಯುವುದು ತೀರಾ ಅಪರೂಪ, ಆ ಅಪಾಯವಿರುವ ಕಡೆ ಸೂಜಿ ಎಲ್ಲಿಂದ ಹೋಗಬೇಕೆಂದು ತಜ್ಞರು ಮೊದಲೇ ಲೆಕ್ಕ ಹಾಕಿರುತ್ತಾರೆ. ಬಯಾಪ್ಸಿ ಬೇಡವೆಂದು ಆರು ತಿಂಗಳು ಮನೆಯಲ್ಲಿ ಕೂತವರಿಗೆ ಕಾಯಿಲೆ ತಾನೇ ಬೆಳೆದಿರುತ್ತದೆ, ಜನ ಅದನ್ನು ಸೂಜಿಯ ತಲೆಗೆ ಕಟ್ಟುತ್ತಾರೆ.

ಎಲ್ಲಿ ತೋರಿಸಬೇಕು? ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿದರೆ ಮೊದಲಿನವರು ಬೇಜಾರು ಮಾಡಿಕೊಳ್ಳುತ್ತಾರಾ?

ಆಪರೇಷನ್, ಕಿಮೋ, ರೇಡಿಯೇಷನ್ ಮೂರೂ ಒಂದೇ ಕಡೆ ಇರುವ, ಮೂರೂ ವಿಭಾಗದವರು ಕೂತು ಚರ್ಚಿಸಿ ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಇರುವ ಆಸ್ಪತ್ರೆ ಒಳ್ಳೆಯದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಇದೇ ಕೆಲಸ ಮಾಡುತ್ತಿದೆ. ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಮಣಿಪಾಲದಲ್ಲೂ ಕ್ಯಾನ್ಸರ್ ಚಿಕಿತ್ಸೆ ಸಿಗುತ್ತದೆ. ರೇಡಿಯೇಷನ್‌ಗೆ ವಾರಕ್ಕೆ ಐದು ದಿನದಂತೆ ಮೂರರಿಂದ ಏಳು ವಾರ ಹೋಗಬೇಕಾಗುತ್ತದೆ. ಹಾಗಾಗಿ ಆಸ್ಪತ್ರೆಯ ಹೆಸರಿನಷ್ಟೇ ಮುಖ್ಯ, ದಿನಾ ಅಲ್ಲಿಗೆ ಹೋಗಿಬರಲು ಆಗುತ್ತದೆಯೇ, ಉಳಿಯಲು ಜಾಗ ಇದೆಯೇ ಎಂಬುದು. ದೂರದೂರಿನಲ್ಲಿ ಶುರು ಮಾಡಿ ಅರ್ಧಕ್ಕೆ ಬಿಡುವುದಕ್ಕಿಂತ ಹತ್ತಿರದಲ್ಲಿ ಪೂರ್ತಿ ಮಾಡಿಸುವುದು ಮೇಲು.

ಎರಡನೇ ಅಭಿಪ್ರಾಯ ನಿಮ್ಮ ಹಕ್ಕು. ಅದಕ್ಕೆ ಕಾಗದ ಒಯ್ದರೆ ಸಾಲದು. ಬಯಾಪ್ಸಿ ಮಾಡಿದ ಲ್ಯಾಬಿಗೆ ಅರ್ಜಿ ಕೊಟ್ಟು ಗಾಜಿನ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಪಡೆಯಿರಿ. ಬ್ಲಾಕ್ ಎಂದರೆ ನಿಮ್ಮ ದೇಹದ ತುಂಡನ್ನು ಹುದುಗಿಸಿಟ್ಟ ಪುಟ್ಟ ಮೇಣದ ಬಿಲ್ಲೆ. ಕಳೆದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಬಹುದು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗುತ್ತದೆ, ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸ್ಕ್ಯಾನ್‌ಗೆ ರಿಪೋರ್ಟ್ ಜೊತೆ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ. ಆದರೆ ನಾಲ್ಕನೆಯ, ಐದನೆಯ ಅಭಿಪ್ರಾಯಕ್ಕೆ ಅಲೆಯುವುದರಿಂದ ಸಿಗುವುದು ಗೊಂದಲವೇ ಹೊರತು ಬೇರೇನಲ್ಲ.

ಡಾಕ್ಟರ ಮುಂದೆ ಕೂತಾಗ ತಲೆ ಖಾಲಿಯಾಗುತ್ತದೆ. ಏನು ಕೇಳಬೇಕು?

ಹೋಗುವ ಮುಂಚೆ ಬರೆದುಕೊಳ್ಳಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ. ರೋಗಿ ಕೇಳಿಸಿಕೊಳ್ಳಲಿ, ಜೊತೆಯವರು ಬರೆದುಕೊಳ್ಳಲಿ. ಮೊದಲ ಪ್ರಶ್ನೆ ಇದಾಗಿರಲಿ: ಈ ಚಿಕಿತ್ಸೆ ಗುಣಪಡಿಸಲಿಕ್ಕೋ, ಅಥವಾ ಕಾಯಿಲೆಯನ್ನು ಹತೋಟಿಯಲ್ಲಿಟ್ಟು ಕಷ್ಟ ಕಡಿಮೆ ಮಾಡಲಿಕ್ಕೋ? ಕೇಳಲು ಗಂಟಲು ಕಟ್ಟುತ್ತದೆ, ಆದರೂ ಕೇಳಿ. ಸಾಲ, ಜಮೀನು, ಮಕ್ಕಳ ಓದು, ಎಲ್ಲ ನಿರ್ಧಾರಗಳೂ ಈ ಉತ್ತರದ ಮೇಲೆ ನಿಲ್ಲುತ್ತವೆ. ಆಮೇಲೆ ಒಟ್ಟು ಎಷ್ಟು ಸೈಕಲ್ ಅಂದರೆ ಕಿಮೋದ ಸುತ್ತು, ಎಷ್ಟು ದಿನಕ್ಕೊಮ್ಮೆ, ಒಟ್ಟು ಖರ್ಚು ಅಂದಾಜು ಎಷ್ಟು, ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೇಳಿ.

ಅಪ್ಪನಿಗೆ ಹೇಳುವುದು ಬೇಡ ಅಂದುಕೊಂಡಿದ್ದೇವೆ. ಗೊತ್ತಾದರೆ ಕುಸಿದುಬಿಡುತ್ತಾರೆ. ಸರಿಯೇ?

ಇದು ಪ್ರೀತಿಯಿಂದ ಬರುವ ಮಾತು. ಆದರೂ ನಮ್ಮ ಸಲಹೆ, ಮುಚ್ಚಿಡಬೇಡಿ. ಕಾರಣ ಸರಳ: ಅವರಿಗೆ ಗೊತ್ತಾಗುತ್ತದೆ. ಆಸ್ಪತ್ರೆಯ ಬೋರ್ಡು ಓದುತ್ತಾರೆ, ಪಕ್ಕದ ಹಾಸಿಗೆಯವರು ಹೇಳುತ್ತಾರೆ, ಕೂದಲು ಉದುರಿದಾಗ ತಾವೇ ಊಹಿಸುತ್ತಾರೆ. ಆಗ ಮನೆಯವರಿಗೆ ನೋವಾಗದಿರಲಿ ಎಂದು ಅವರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಒಂದೇ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರೇ ಅಳುತ್ತಿರುತ್ತಾರೆ, ಅಪ್ಪನಿಗೆ ಹೇಳಬೇಕಾದ ಮಾತು, ಮಾಡಿಸಬೇಕಾದ ಕಾಗದಪತ್ರ ಎಲ್ಲ ಹಾಗೇ ಉಳಿಯುತ್ತವೆ. ಸತ್ಯ ತಿಳಿಯದ ರೋಗಿ ಎರಡನೇ ಕಿಮೋಗೇ ‘ಸಾಕು, ಇನ್ನು ಬರಲ್ಲ’ ಎಂದು ಹಟ ಹಿಡಿಯುವುದೂ ಸಾಮಾನ್ಯ. ಯಾತಕ್ಕೆ ಈ ಹಿಂಸೆ ಎಂದು ಅವರಿಗೆ ಯಾರೂ ಹೇಳಿಲ್ಲವಲ್ಲ.

ಹೇಳುವುದು ಅಂದರೆ ಎಲ್ಲವನ್ನೂ ಒಂದೇ ಸಲ ಮುಂದೆ ಸುರಿಯುವುದಲ್ಲ. ಮೊದಲು ಅವರಿಗೆಷ್ಟು ಗೊತ್ತು ಎಂದು ತಿಳಿದುಕೊಳ್ಳಿ: ‘ಅಪ್ಪಾ, ಡಾಕ್ಟ್ರು ಏನಂದ್ರು ಅಂತ ನಿಮಗನ್ನಿಸ್ತಿದೆ?’ ಆಮೇಲೆ ಎಷ್ಟು ತಿಳಿಯಲು ಇಷ್ಟ ಎಂದು ಕೇಳಿ: ‘ಎಲ್ಲಾ ಹೇಳ್ಬೇಕಾ, ಇಲ್ಲ ಡಾಕ್ಟ್ರ ಹತ್ರ ನಾನೇ ಮಾತಾಡ್ಲಾ?’ ನೀನೇ ನೋಡ್ಕೋ ಮಗಾ ಎಂದರೆ ಅದೂ ಅವರ ಆಯ್ಕೆ, ಗೌರವಿಸಿ. ತಿಳಿಯಬೇಕು ಎಂದರೆ ಸಣ್ಣ ವಾಕ್ಯಗಳಲ್ಲಿ ಹೇಳಿ, ನಿಲ್ಲಿಸಿ. ಆ ಮೌನವನ್ನು ತುಂಬಲು ಹೋಗಬೇಡಿ. ‘ಏನೂ ಆಗಲ್ಲ’ ಎನ್ನುವ ಬದಲು ‘ಇದಕ್ಕೆ ಟ್ರೀಟ್ಮೆಂಟ್ ಇದೆ, ಪ್ರತಿ ಸಲ ನಾನು ಜೊತೆಗೆ ಬರ್ತೀನಿ’ ಎನ್ನಿ. ನಿಮಗೆ ಬಾಯಿ ಬರದಿದ್ದರೆ ಡಾಕ್ಟರೇ ಹೇಳಲಿ, ನೀವು ಕೈ ಹಿಡಿದು ಪಕ್ಕದಲ್ಲಿ ಕೂತಿರಿ.

ಚಿಕ್ಕ ಮಕ್ಕಳಿಗೆ?

ಹೇಳಿ, ಕ್ಯಾನ್ಸರ್ ಎಂಬ ಹೆಸರು ಹಿಡಿದೇ ಹೇಳಿ. ಬರೀ ‘ಅಮ್ಮನಿಗೆ ಹುಷಾರಿಲ್ಲ’ ಎಂದರೆ ಮುಂದೆ ನೆಗಡಿ ಬಂದಾಗಲೂ ಮಗು ಹೆದರುತ್ತದೆ. ಆರೇಳು ವರ್ಷದೊಳಗಿನ ಮಕ್ಕಳು ತಾವು ಹಟ ಮಾಡಿದ್ದಕ್ಕೇ ಹೀಗಾಯಿತು ಎಂದುಕೊಳ್ಳುವುದುಂಟು. ‘ನಿನ್ನಿಂದ ಆಗಿದ್ದಲ್ಲ, ಮುಟ್ಟಿದರೆ, ಮುತ್ತು ಕೊಟ್ಟರೆ ಅಂಟಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಕೂದಲು ಮೊದಲ ಕಿಮೋ ಆಗಿ ಎರಡು ಮೂರು ವಾರಕ್ಕೆ ಉದುರಬಹುದು, ಅದನ್ನು ಮೊದಲೇ ತಿಳಿಸಿಡಿ. ಸ್ಕೂಲಿನಿಂದ ಯಾರು ಕರೆತರುತ್ತಾರೆ, ರಾತ್ರಿ ಯಾರ ಪಕ್ಕ ಮಲಗಬೇಕು ಎಂಬುದೇ ಮಗುವಿನ ನಿಜವಾದ ಚಿಂತೆ. ಅದಕ್ಕೆ ಖಚಿತ ಉತ್ತರ ಕೊಡಿ. ಕ್ಲಾಸ್ ಟೀಚರಿಗೂ ಒಂದು ಮಾತು ಹೇಳಿ.

ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ‘ನನಗೇ ಯಾಕೆ’ ಅನ್ನಿಸುತ್ತದೆ. ಇದು ಸಹಜವೇ, ಕಾಯಿಲೆಯೇ?

ಮೊದಲ ಒಂದೆರಡು ವಾರ ಸಹಜ. ಸಿಟ್ಟು, ಅಳು, ಏನೂ ಅನ್ನಿಸದ ಮಂಕು, ದೇವರ ಮೇಲೂ ಕೋಪ, ಎಲ್ಲ ಬರುತ್ತವೆ. ‘ಧೈರ್ಯವಾಗಿರು’ ಎಂದು ನೂರು ಜನ ಹೇಳುತ್ತಾರೆ. ಅತ್ತರೆ ಕ್ಯಾನ್ಸರ್ ಹೆಚ್ಚುವುದಿಲ್ಲ, ನಗುನಗುತ್ತ ಇದ್ದರೆ ಕರಗುವುದೂ ಇಲ್ಲ. ಇದನ್ನು ಒತ್ತಿ ಹೇಳುವುದೇಕೆಂದರೆ, ಸ್ಕ್ಯಾನ್ ರಿಪೋರ್ಟ್ ಕೆಟ್ಟದಾಗಿ ಬಂದಾಗ ತನ್ನ ಮನಸ್ಸು ಗಟ್ಟಿಯಿರಲಿಲ್ಲ ಎಂದು ತಮ್ಮನ್ನೇ ದೂರಿಕೊಳ್ಳುವ ರೋಗಿಗಳು ಬಹಳ.

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಭಾಗ ಮಂಕು ಕವಿದಿದ್ದರೆ, ಮೊಮ್ಮಗು ಬಂದರೂ ಮುಖ ಅರಳದಿದ್ದರೆ, ‘ನಾನು ಎಲ್ಲರಿಗೂ ಭಾರ’ ಎಂಬ ಮಾತು ಬಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರಿಗೆ ಕ್ಯಾನ್ಸರ್ ಔಷಧಿಗಳ ಪಟ್ಟಿ ತೋರಿಸುವುದನ್ನು ಮರೆಯಬೇಡಿ. ಸ್ತನ ಕ್ಯಾನ್ಸರಿನ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್‌ನಂಥ ಖಿನ್ನತೆಯ ಮಾತ್ರೆ ಹೊಂದುವುದಿಲ್ಲ, ಬೇರೆ ಮಾತ್ರೆಗಳಿವೆ.

ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಹುಡುಕುವುದನ್ನು ಬಿಡಿ. ಬದಲಿಗೆ ಸಂಜೆ ಆರರ ಸುಮಾರಿಗೆ ಇಪ್ಪತ್ತು ನಿಮಿಷ ಕೂತು ಚಿಂತೆಗಳನ್ನೆಲ್ಲ ಬರೆಯಿರಿ, ಡಾಕ್ಟರಿಗೆ ಕೇಳಬೇಕಾದವಕ್ಕೆ ಗುರುತು ಹಾಕಿ. ಮೈಯಲ್ಲಿ ಶಕ್ತಿಯಿದ್ದಷ್ಟು ನಡೆಯಿರಿ. ಅಂಗಳದಲ್ಲಿ ಹತ್ತು ನಿಮಿಷ ಎರಡು ಸಲ ನಡೆದರೂ ಸುಸ್ತು ಕಡಿಮೆಯಾಗುತ್ತದೆ.

ದುಡ್ಡಿನ ವ್ಯವಸ್ಥೆ ಹೇಗೆ?

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕೌಂಟರಿಗೆ ಮೊದಲ ದಿನವೇ ಹೋಗಿ. ಎಡವುವುದು ಎಲ್ಲೆಂದರೆ, ಹಣ ಕಟ್ಟಿ ಚಿಕಿತ್ಸೆ ಶುರು ಮಾಡಿಸಿ ಆಮೇಲೆ ಕಾರ್ಡ್ ತೋರಿಸುವುದು. ಕಟ್ಟಿದ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಅಲ್ಲೇ ವಿಚಾರಿಸಿ. ಕಾರ್ಡಿನಲ್ಲಿರುವ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಮಂಜೂರಾತಿ ನಿಲ್ಲಬಹುದು, ಮೊದಲೇ ಸರಿಪಡಿಸಿಕೊಳ್ಳಿ.

ಖಾಸಗಿ ವಿಮೆಯಿದ್ದರೆ ರೂಮ್ ಬಾಡಿಗೆಯ ಮಿತಿ ನೋಡಿ. ಮಿತಿ 4,000 ಇದ್ದು ನೀವು 8,000ದ ರೂಮ್ ಹಿಡಿದರೆ, ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಷನ್ ಚಾರ್ಜು ಕೂಡ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಡೇಕೇರ್ ಕಿಮೋಗೆ ವಿಮೆ ಅನ್ವಯಿಸುತ್ತದೆ, ಮನೆಯಲ್ಲಿ ನುಂಗುವ ಮಾತ್ರೆಗೆ ಮಿತಿ ಇರಬಹುದು. ಗಂಭೀರ ಕಾಯಿಲೆಯ ಪಾಲಿಸಿ ಬೇರೆ ಇದ್ದರೆ ಅದರ ಹಣ ಒಂದೇ ಗಂಟಿನಲ್ಲಿ ಬರುತ್ತದೆ. ಬ್ಯಾಂಕ್ ಸಾಲದ ಜೊತೆ ಅಂಟಿಸಿಕೊಟ್ಟ ಪಾಲಿಸಿಗಳನ್ನೂ ಬೀರುವಿನಿಂದ ತೆಗೆದು ನೋಡಿ.

ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಶೇ 100 ರಿಯಾಯಿತಿ, ಜೊತೆಯವರೊಬ್ಬರಿಗೆ ಶೇ 75. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಸಹಿ ಮಾಡಿಕೊಡಬೇಕು. ಔಷಧಿ ಕೊಳ್ಳುವಾಗ ಅದೇ ಮೂಲವಸ್ತುವಿನ ಕಡಿಮೆ ಬೆಲೆಯ ಬ್ರ್ಯಾಂಡ್ ಇದೆಯೇ ಎಂದು ಡಾಕ್ಟರನ್ನೇ ಕೇಳಿ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರದ ಲಾಭಾಂಶವನ್ನು ಶೇ 30ಕ್ಕೆ ಮಿತಿಗೊಳಿಸಿದೆ, ಆದರೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸ ಬಹಳ.

ಕಿಮೋ ಅಥವಾ ರೇಡಿಯೇಷನ್ ಶುರುವಾಗುವ ಮೊದಲು ಮರೆಯಬಾರದ್ದು ಏನು?

ಮುಂದೆ ಮಕ್ಕಳು ಬೇಕೆನ್ನುವ ವಯಸ್ಸಾದರೆ ಆ ಮಾತನ್ನು ನೀವೇ ಎತ್ತಿ, ಗಡಿಬಿಡಿಯಲ್ಲಿ ಡಾಕ್ಟರು ಮರೆಯಬಹುದು. ಗಂಡಸರಿಗೆ ವೀರ್ಯ ಶೇಖರಣೆ ಕೆಲವೇ ದಿನದ ಕೆಲಸ, ಹೆಂಗಸರಿಗೆ ಅಂಡಾಣು ಶೇಖರಣೆಗೆ ಸುಮಾರು ಎರಡು ವಾರ ಬೇಕು. ಕಿಮೋ ಶುರುವಾದ ಮೇಲೆ ಕೇಳಿದರೆ ತಡವಾಗಿರುತ್ತದೆ. ಬಾಯಿ, ಗಂಟಲಿಗೆ ರೇಡಿಯೇಷನ್ ಇದ್ದರೆ ಹುಳುಕು ಹಲ್ಲುಗಳನ್ನು ಎರಡು ವಾರ ಮುಂಚೆ ಕೀಳಿಸಬೇಕು. ಆಮೇಲೆ ಕಿತ್ತರೆ ದವಡೆ ಮೂಳೆ ಮಾಗದೇ ಹೋಗಬಹುದು. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ನೋಡಿ. ಒಳಗೆ ಸುಮ್ಮನಿದ್ದ ವೈರಸ್ ಕಿಮೋದಿಂದ ಮತ್ತೆ ಎದ್ದು ಲಿವರ್ ಕೆಡಿಸಬಹುದು.

ಕಿಮೋ ಆಗಿ ಹತ್ತು ದಿನವಾಯಿತು, ಸ್ವಲ್ಪ ಮೈ ಬಿಸಿ. ಬೆಳಿಗ್ಗೆವರೆಗೆ ನೋಡೋಣವೇ?

ಬೇಡ. ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಡುವುದಾದರೆ ಇದನ್ನು ನೆನಪಿಡಿ. ಕಿಮೋ ಆದ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಸೋಂಕು ಬಂದರೆ ಎಷ್ಟೋ ಸಲ ಕೀವು, ಊತ ಏನೂ ಕಾಣುವುದಿಲ್ಲ, ಜ್ವರ ಒಂದೇ ಗುರುತು. ಥರ್ಮಾಮೀಟರ್ 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ರಾತ್ರಿ ಮೂರು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಜ್ವರ ಇಳಿಸಿ ಮಲಗಬೇಡಿ, ಗುರುತು ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ ಎಂಬುದೂ ಗಮನದಲ್ಲಿರಲಿ. ಜ್ವರವಿಲ್ಲದೆ ಗಡಗಡ ನಡುಗಿದರೂ ಹೋಗಬೇಕು. ಕೌಂಟರಿನಲ್ಲಿ ಸರದಿಗೆ ನಿಲ್ಲದೆ ‘ಕಿಮೋ ಪೇಷಂಟ್, ಇಷ್ಟನೇ ತಾರೀಖು ಕೊಟ್ಟಿದ್ದಾರೆ, ಜ್ವರ ಬಂದಿದೆ’ ಎಂದು ಗಟ್ಟಿಯಾಗಿ ಹೇಳಿ. ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಬೀಳಬೇಕು. ಹತ್ತಿರದ ಕ್ಯಾನ್ಸರ್ ಆಸ್ಪತ್ರೆ ನಾಲ್ಕು ಗಂಟೆ ದೂರವಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲೇ ಮೊದಲ ಡೋಸ್ ಹಾಕಿಸಿ, ಆಮೇಲೆ ಮುಂದೆ ಹೋಗಿ.

ಊಟಕ್ಕೆ ಪಥ್ಯ ಏನು? ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದಂತೆ?

ಸಾಯುವುದಿಲ್ಲ, ತೂಕ ಇಳಿಯುತ್ತದೆ ಅಷ್ಟೆ. ಚಿಕಿತ್ಸೆ ನಡೆಯುವಾಗ ತೂಕ ಇಳಿದರೆ ಕಿಮೋ ಮುಂದೂಡಬೇಕಾಗಬಹುದು. ಮಧುಮೇಹ ಇದ್ದವರ ಲೆಕ್ಕ ಬೇರೆ.

ಬೇಕಾದ್ದು ಪ್ರೋಟೀನ್: ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕೆಜಿ ಇರುವವರಿಗೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಕಡಲೇಕಾಯಿ ಬೀಜದಲ್ಲಿ 6 ಗ್ರಾಂ. ನಮ್ಮ ಮನೆಗಳಲ್ಲಿ ರೋಗಿಗೆ ‘ಹಗುರ’ ಎಂದು ಸಾರಿನ ತಿಳಿ ಅನ್ನ ಕೊಡುತ್ತಾರೆ. ಪ್ರೋಟೀನ್ ಇರುವುದು ತಳದ ಬೇಳೆಯಲ್ಲಿ, ಅದನ್ನೇ ಬಡಿಸಿ. ರಾಗಿ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಮಾಡಿ, ಮೊಟ್ಟೆಯನ್ನು ಪೂರ್ತಿ ಬೇಯಿಸಿ. ಮೂರು ಹೊತ್ತಿನ ತಟ್ಟೆ ತುಂಬ ಊಟಕ್ಕಿಂತ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕೊಟ್ಟರೆ ಒಳಗೆ ಹೋಗುತ್ತದೆ. ಒಗ್ಗರಣೆಯ ವಾಸನೆಗೇ ವಾಂತಿ ಬರುವವರಿಗೆ ಆರಿದ ಊಟ, ಮೊಸರನ್ನ ಹಿಡಿಸುತ್ತದೆ. ಹಸಿ ಮೊಳಕೆ ಕಾಳು, ಬೀದಿಬದಿಯ ಜ್ಯೂಸ್, ಕತ್ತರಿಸಿಟ್ಟ ಹಣ್ಣು ಬೇಡ.

ಬಾಯಿ ಹುಣ್ಣಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಿ. ದಿನಾ ಹೊಸದಾಗಿ ಮಾಡಿಕೊಳ್ಳಿ.

ನಾಟಿ ಔಷಧಿ, ಲಕ್ಷ್ಮಣಫಲ, ಗೋಮೂತ್ರ ಜೊತೆಜೊತೆಗೆ ಕೊಡಬಹುದೇ?

ಕಿಮೋ ನಡೆಯುವಾಗ ಬೇಡ. ಲಕ್ಷ್ಮಣಫಲ ಮನುಷ್ಯರಲ್ಲಿ ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಪುರಾವೆಯಿಲ್ಲ. ಕಷಾಯ, ಭಸ್ಮಗಳಿಂದ ಲಿವರ್ ಪರೀಕ್ಷೆಯ ಅಂಕಿ ಏರಿದರೆ ಕಿಮೋ ನಿಲ್ಲಿಸಬೇಕಾಗುತ್ತದೆ, ಕಾರಣ ಯಾವುದೆಂದು ಡಾಕ್ಟರಿಗೆ ತಿಳಿಯುವುದೂ ಇಲ್ಲ. ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧಿ ಪಡೆಯುವವರ ಕಿಡ್ನಿ ಮೊದಲೇ ಒತ್ತಡದಲ್ಲಿರುತ್ತದೆ, ಅದರ ಮೇಲೆ ಭಸ್ಮ ಅಪಾಯ. ಈಗಾಗಲೇ ಕೊಡುತ್ತಿದ್ದರೆ ಬೈಯುತ್ತಾರೆಂದು ಮುಚ್ಚಿಡದೆ ಪುಡಿಯ ಪೊಟ್ಟಣವನ್ನೇ ಒಯ್ದು ಡಾಕ್ಟರಿಗೆ ತೋರಿಸಿ. ಪೂಜೆ, ಹರಕೆ, ಪ್ರಾಣಾಯಾಮಕ್ಕೆ ಯಾವ ಅಡ್ಡಿಯೂ ಇಲ್ಲ. ಉಪವಾಸದ ವ್ರತ ಮಾತ್ರ ಮನೆಯ ಬೇರೆಯವರು ಮಾಡಲಿ.

ನೋಡಿಕೊಳ್ಳುವವರಿಗೇ ಸಾಕಾಗಿಹೋಗಿದೆ. ಹೇಳಿಕೊಳ್ಳಲೂ ನಾಚಿಕೆ.

ನಾಚಿಕೆ ಬೇಡ. ‘ಏನಾದರೂ ಸಹಾಯ ಬೇಕಿದ್ದರೆ ಹೇಳಿ’ ಎನ್ನುವ ನೆಂಟರಿಗೆ ಕೆಲಸವನ್ನೇ ಹೆಸರಿಸಿ: ಮಂಗಳವಾರ ಆಸ್ಪತ್ರೆಗೆ ನೀವು ಹೋಗಿ, ಗುರುವಾರ ರಾತ್ರಿಯ ಅಡುಗೆ ನಿಮ್ಮನೆಯಿಂದ ಬರಲಿ. ಫೋನಿನ ವಿಚಾರಣೆಗೆಲ್ಲ ಉತ್ತರಿಸಲು ಒಬ್ಬರನ್ನೇ ನೇಮಿಸಿ, ಅವರು ವಾಟ್ಸಾಪ್ ಗುಂಪಿಗೆ ವಾರಕ್ಕೊಮ್ಮೆ ಬರೆಯಲಿ. ‘ನಮ್ಮ ಕಡೆಯವರೊಬ್ಬರಿಗೂ ಹೀಗೇ ಆಗಿತ್ತು, ಉಳಿಯಲಿಲ್ಲ’ ಎನ್ನುವ ಅತಿಥಿಗಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಅಧಿಕಾರ ನಿಮಗಿದೆ.

ಪ್ಯಾಲಿಯೇಟಿವ್ ವಿಭಾಗಕ್ಕೆ ಬರೆದುಕೊಟ್ಟಿದ್ದಾರೆ. ಕೈ ಬಿಟ್ಟರು ಅಂತಲೇ?

ಇಲ್ಲ. ನೋವು, ಉಬ್ಬಸ, ವಾಂತಿ, ನಿದ್ರಾಹೀನತೆಯನ್ನು ತಗ್ಗಿಸುವ ವಿಭಾಗ ಅದು. ಗುಣವಾಗುವ ಚಿಕಿತ್ಸೆಯ ಜೊತೆಗೇ ಅದನ್ನೂ ಪಡೆಯಬಹುದು, ಬೇಗ ಹೋದಷ್ಟೂ ಒಳ್ಳೆಯದು. ಮಾರ್ಫಿನ್ ಎಂದರೆ ಕೊನೆ ಎಂದು ಹೆದರಿ ನೋವು ತಿನ್ನುವವರನ್ನು ನೋಡುವುದು ನಿಜಕ್ಕೂ ಸಂಕಟ. ತಜ್ಞರು ಹೇಳಿದ ಲೆಕ್ಕದಲ್ಲಿ ನುಂಗಿದರೆ ಅದು ಚಟ ಹಿಡಿಸುವುದು ಅಪರೂಪ, ಆಯುಸ್ಸನ್ನೂ ಕಡಿಮೆ ಮಾಡುವುದಿಲ್ಲ. ಮಾರ್ಫಿನ್‌ನ ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬಂದ ಮೇಲೆ ಕೊಟ್ಟರೆ ಹಿಂದೆ ಬೀಳುತ್ತೀರಿ. ಮಲಬದ್ಧತೆ ಖಂಡಿತ ಆಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಜೊತೆಗಿರಲಿ. ಮನೆಯಲ್ಲಿ ನೋಡಿಕೊಳ್ಳಲಾಗದ ಹಂತ ಬಂದರೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣವಿಲ್ಲದೆ ಆರೈಕೆ ಸಿಗುತ್ತದೆ.

ಚಿಕಿತ್ಸೆ ಮುಗಿಯಿತು. ಆದರೂ ತಲೆನೋವು ಬಂದರೆ ಸಾಕು, ಮತ್ತೆ ಬಂತೇನೋ ಅಂತ ಜೀವ ಹಾರುತ್ತದೆ.

ಇದು ಬಹುತೇಕ ಎಲ್ಲರಿಗೂ ಆಗುತ್ತದೆ, ಚೆಕಪ್‌ನ ಹಿಂದಿನ ವಾರವಂತೂ ಹೆಚ್ಚು. ಒಂದು ಲೆಕ್ಕ ಇಟ್ಟುಕೊಳ್ಳಿ: ಹೊಸ ತೊಂದರೆ ಎರಡು ವಾರ ಕಳೆದರೂ ಹೋಗದಿದ್ದರೆ, ಅಥವಾ ದಿನೇ ದಿನೇ ಹೆಚ್ಚುತ್ತಿದ್ದರೆ ಚೆಕಪ್‌ವರೆಗೆ ಕಾಯದೆ ತೋರಿಸಿ. ಹೊಸ ಗಂಟು, ರಕ್ತ, ಉಸಿರಾಟದ ಕಷ್ಟ, ಫಿಟ್ಸ್ ಆದರೆ ಎರಡು ವಾರವೂ ಕಾಯಬೇಡಿ. ಸಮಾಧಾನಕ್ಕೆಂದು ಮೂರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಉದಾಹರಣೆಗೆ ಸ್ತನ ಕ್ಯಾನ್ಸರ್ ಆದವರಿಗೆ ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರ ಪರೀಕ್ಷೆ, ವರ್ಷಕ್ಕೊಂದು ಮ್ಯಾಮೊಗ್ರಾಂ, ತೊಂದರೆ ಕಂಡರೆ ಮಾತ್ರ ಸ್ಕ್ಯಾನ್. ಮುಂದಿನ ತಾರೀಖನ್ನು ಫೈಲಿನ ಮೊದಲ ಹಾಳೆಯಲ್ಲಿ ಬರೆದಿಡಿ, ಅದರ ಕೆಳಗೆ ಯಾವ ಕಿಮೋ, ಎಷ್ಟು ಸೈಕಲ್, ರೇಡಿಯೇಷನ್ ಎಷ್ಟು ದಿನ ಎಂಬ ಸಾರಾಂಶ ಇರಲಿ. ಹತ್ತು ವರ್ಷದ ನಂತರ ಬೇರೆ ಊರಿನ ಡಾಕ್ಟರು ಮೊದಲು ಕೇಳುವುದು ಆ ಹಾಳೆಯನ್ನೇ.